ಕೈಸರ್ಸ್‌ಬೆರ್ಗ್ ಸಂತೆಗೆ ನಾನು ಶುಕ್ರವಾರವೇ ಹೋಗುವುದು

ಮೊದಲ ವರ್ಷ ತಪ್ಪು ದಿನ ಹೋಗಿಬಿಟ್ಟೆ. ಡಿಸೆಂಬರಿನ ಶನಿವಾರ, ಮಧ್ಯಾಹ್ನ ಎರಡು ಗಂಟೆ. ಕೈಸರ್ಸ್‌ಬೆರ್ಗ್ ಅಂದರೆ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಪುಟ್ಟ ಊರು, ಅಲ್ಲಿನ ಕ್ರಿಸ್‌ಮಸ್ ಸಂತೆಗೆ ಹೋಗಿದ್ದೆ. ದೊಡ್ಡ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದೆ ಹೋಗುವವರ ಬೆನ್ನು ನೋಡಿಕೊಂಡೇ ಒಂದು ಗಂಟೆ ನಡೆದೆ. ಮರುವರ್ಷ ಶುಕ್ರವಾರ ಹೋದೆ. ಅದೇ ಊರು, ಅದೇ ಮಳಿಗೆಗಳು. ಆದರೆ ಮಾರುವವರಿಗೆ ಮಾತಾಡಲು ಪುರುಸೊತ್ತಿತ್ತು. ಹಳ್ಳಿ ಸಂತೆಗೆ ಹೋಗುವುದೇ ಅದಕ್ಕಲ್ವಾ?

ನಾನಿರುವುದು ಸ್ಟ್ರಾಸ್‌ಬರ್ಗ್‌ನಲ್ಲಿ. ಇಲ್ಲಿನ ಕ್ರಿಸ್‌ಮಸ್ ಸಂತೆ 1570ರಿಂದ ನಡೆದುಬಂದದ್ದು, ಅದನ್ನೂ ನೋಡಲೇಬೇಕು. ಆದರೆ ಅಲ್ಸಾಸ್‌ನ ಹಳ್ಳಿಗಳಲ್ಲಿ ಮಾಡಿದವರೇ ಎದುರು ನಿಂತು ಮಾರುವುದು ಜಾಸ್ತಿ. ಅದಕ್ಕೇ ಪ್ರತಿವರ್ಷ ಒಂದು ದಿನ ರಜೆ ಹಾಕಿ ಹೊರಡುತ್ತೇನೆ.

ಕೋಲ್ಮಾರ್‌ವರೆಗೆ ರೈಲು, ಅರ್ಧ ಗಂಟೆ. ದಾರಿಯಲ್ಲಿ ಸೆಲೆಸ್ಟಾ ಸಿಗುತ್ತದೆ. ಆ ಊರಿನ 1521ರ ಲೆಕ್ಕದ ಪುಸ್ತಕದಲ್ಲಿ, ಕ್ರಿಸ್‌ಮಸ್‌ಗೆ ಮರ ಕಡಿದುಕೊಂಡು ಹೋಗದಂತೆ ಕಾಯಲು ಕಾಡಿನ ಕಾವಲುಗಾರರಿಗೆ ನಾಲ್ಕು ಶಿಲಿಂಗ್ ಕೊಟ್ಟ ದಾಖಲೆ ಇದೆ. ಕ್ರಿಸ್‌ಮಸ್ ಮರದ ಬಗ್ಗೆ ಸಿಕ್ಕಿರುವ ತೀರಾ ಹಳೆಯ ಬರಹಗಳಲ್ಲಿ ಅದೂ ಒಂದು. ರೈಲು ಅಲ್ಲಿ ನಿಂತಾಗಲೆಲ್ಲ ನನಗೆ ಆ ನಾಲ್ಕು ಶಿಲಿಂಗ್ ನೆನಪಾಗುತ್ತದೆ.

ಕೋಲ್ಮಾರ್ ಸ್ಟೇಷನ್ನಿನಿಂದ ಬಸ್ಸು, ಮತ್ತೆ ಸುಮಾರು ಅರ್ಧ ಗಂಟೆ. ಇಳಿದ ತಕ್ಷಣ ನಾನು ಮಾಡುವ ಮೊದಲ ಕೆಲಸ, ಎದುರು ದಿಕ್ಕಿನ ನಿಲ್ದಾಣಕ್ಕೆ ಹೋಗಿ ವಾಪಸ್ ಬಸ್ಸಿನ ವೇಳಾಪಟ್ಟಿಯ ಫೋಟೋ ತೆಗೆದುಕೊಳ್ಳುವುದು. ಸಂಜೆ ಬಸ್ಸು ಬೇಗ ನಿಂತುಹೋಗುತ್ತದೆ, ಕತ್ತಲಲ್ಲಿ ಹುಡುಕಾಡುವುದು ಕಷ್ಟ. ಸಂತೆ ಇಡೀ ತಿಂಗಳು ಇರುವುದಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಾಂತ್ಯಗಳೇ ಮುಖ್ಯ, ಶುಕ್ರವಾರವೂ ಅದರಲ್ಲಿ ಸೇರುತ್ತದೆ. ಆ ವರ್ಷದ ದಿನಗಳನ್ನು ನೋಡಿಕೊಂಡೇ ರೈಲಿನ ಟಿಕೆಟ್ ತೆಗೆಯಿರಿ.

ಮೂರು ಗಂಟೆಗೆ ತಲುಪಿದರೆ ಸರಿಯಾಗುತ್ತದೆ. ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಬೆಳಕಿದ್ದಾಗ ವೈಸ್ ಹೊಳೆಯ ಮೇಲಿನ ಹಳೆಯ ಕಲ್ಲುಸೇತುವೆ, ಗುಡ್ಡದ ಮೇಲಿನ ಪಾಳುಕೋಟೆ, ಸುತ್ತಲಿನ ದ್ರಾಕ್ಷಿ ತೋಟ ನೋಡಬಹುದು. ಆಫ್ರಿಕಾದಲ್ಲಿ ಆಸ್ಪತ್ರೆ ಕಟ್ಟಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವೈದ್ಯ ಆಲ್ಬರ್ಟ್ ಶ್ವೈಟ್ಜರ್ 1875ರಲ್ಲಿ ಹುಟ್ಟಿದ್ದೂ ಈ ಊರಿನಲ್ಲೇ. ಆಮೇಲೆ ದೀಪ ಹತ್ತುವ ಹೊತ್ತಿಗೆ ಇಗರ್ಜಿಯ ಹಿಂದಿನ ಮಳಿಗೆಗಳ ಕಡೆ ಬನ್ನಿ.

ಯಾವ ಮಳಿಗೆಗೆ ಹೋದರೂ ಮೊದಲು ‘ಬೊಂಜೂರ್’ ಅನ್ನಿ. ಏನನ್ನಾದರೂ ಮುಟ್ಟುವ ಮುಂಚೆಯೇ ಅನ್ನಿ. ನಮಸ್ಕಾರ ಹೇಳದೆ ಬೆಲೆ ಕೇಳುವುದು ಇಲ್ಲಿ ಒರಟುತನ. ಅಷ್ಟು ಹೇಳಿದರೆ ಸಾಕು, ಮುಖ ಅರಳುತ್ತದೆ.

ನನಗೆ ಬಹಳ ಇಷ್ಟವಾದದ್ದು ಬ್ರೇಡೆಲೆ ಮಾರುವ ಒಬ್ಬ ಅಜ್ಜಿಯ ಮಳಿಗೆ. ಬ್ರೇಡೆಲೆ ಅಂದರೆ ಕ್ರಿಸ್‌ಮಸ್‌ಗೆ ಮಾಡುವ ಪುಟ್ಟ ಬಿಸ್ಕತ್ತುಗಳು. ಬೆಣ್ಣೆಯದು, ದಾಲ್ಚಿನ್ನಿಯದು, ಹೀಗೆ ಹತ್ತಾರು ಬಗೆ. ಅಜ್ಜಿ ಒಂದನ್ನು ಅಂಗೈಗೆ ಹಾಕಿ ತಿರುಗಿಸಿ ನೋಡು ಅಂದರು. ಮೇಲೆ ಬಿಳಿ, ನುಣುಪು, ಮೊಟ್ಟೆಯ ಚಿಪ್ಪಿನ ಹಾಗೆ. ಕೆಳಗೆ ತುಸು ಕಂದು ಬಣ್ಣದ ಸಣ್ಣ ಅಂಚು. ‘ಇದಕ್ಕೆ ಪಾದ ಬಂದಿದೆ’ ಅಂದರು. ಮೊಟ್ಟೆ, ಸಕ್ಕರೆ ಚೆನ್ನಾಗಿ ಕಡೆದು, ಹಿಟ್ಟು ಸೇರಿಸಿ, ಬಿಲ್ಲೆಬಿಲ್ಲೆಯಾಗಿ ಇಟ್ಟು ರಾತ್ರಿಯಿಡೀ ಒಣಗಲು ಬಿಡಬೇಕಂತೆ. ಮೇಲ್ಪದರ ಒಣಗಿ ಗಟ್ಟಿಯಾಗಿರುವುದರಿಂದ, ಒಲೆಯ ಕಾವಿಗೆ ಅದು ಹಾಗೇ ಮೇಲೇಳುತ್ತದೆ, ಕೆಳಗಿನ ಹಸಿ ಹಿಟ್ಟು ಉಬ್ಬಿ ಪಾದವಾಗುತ್ತದೆ. ಅವಸರ ಮಾಡಿದರೆ ಪಾದ ಬರುವುದಿಲ್ಲ. ಬಾಯಿಗೆ ಹಾಕಿಕೊಂಡರೆ ಸೋಂಪಿನಂಥದೇ ಘಮ. ಊಟವಾದ ಮೇಲೆ ಅಮ್ಮ ಕೈಗೆ ಸೋಂಪು ಹಾಕುತ್ತಿದ್ದದ್ದು ಒಂದು ಕ್ಷಣ ಕಣ್ಣ ಮುಂದೆ ಬಂತು.

ಸಸ್ಯಾಹಾರಿಗಳಿಗೆ ಒಂದು ಮಾತು. ತಾರ್ಟ್ ಫ್ಲಾಂಬೆ ಅಂತ ತೆಳ್ಳನೆಯ ರೊಟ್ಟಿ ಸಿಗುತ್ತದೆ, ಮೇಲೆ ಕೆನೆ, ಈರುಳ್ಳಿ, ಜೊತೆಗೆ ಹಂದಿಮಾಂಸದ ಸಣ್ಣ ಚೂರು. ಮೊದಲ ಸಲ ನಾನು ಮಾಂಸ ಬೇಡ ಅಂದೆ. ಆ ಚೂರುಗಳು ಹಾಗೇ ಬಂದವು. ಈಗ ನೇರವಾಗಿ ‘ಸಾಂ ಲಾರ್ದೋಂ’ ಅನ್ನುತ್ತೇನೆ, ಅಂದರೆ ಲಾರ್ದೋಂ ಎನ್ನುವ ಆ ಚೂರುಗಳು ಬೇಡ ಅಂತ. ಅಣಬೆಯದಿದ್ದರೆ ಅದನ್ನೂ ಲಾರ್ದೋಂ ಇಲ್ಲದೆ ಕೇಳಿ. ಬಿಸಿ ವೈನ್ ಬೇಡದವರಿಗೆ ದಾಲ್ಚಿನ್ನಿ ಹಾಕಿ ಕಾಯಿಸಿದ ಸೇಬಿನ ರಸ ಇರುತ್ತದೆ. ಚಳಿಯಲ್ಲಿ ಎರಡೂ ಕೈಯಲ್ಲಿ ಆ ಲೋಟ ಹಿಡಿದು ನಿಲ್ಲುವ ಸುಖ ಬೇರೆ. ಲೋಟಕ್ಕೆ ಠೇವಣಿ ಹಿಡಿದುಕೊಳ್ಳುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ಸಿಗುತ್ತದೆ. ಯೂರೋ ಚಿಲ್ಲರೆ ಜೇಬಿನಲ್ಲಿರಲಿ.

ಕೋಟಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಕಾಲಿನ ಬಗ್ಗೆ ಯೋಚಿಸುವುದಿಲ್ಲ. ಕಲ್ಲುಹಾಸಿನ ಬೀದಿ, ಒದ್ದೆ ಬೇರೆ. ಚಳಿ ಅಂಗಾಲಿನಿಂದ ಹತ್ತುತ್ತದೆ. ದಪ್ಪ ಅಟ್ಟೆಯ ಬೂಟು, ಉಣ್ಣೆ ಕಾಲುಚೀಲ ಹಾಕಿದ್ದರೆ ರಾತ್ರಿ ಏಳರವರೆಗೂ ಆರಾಮಾಗಿ ನಿಲ್ಲಬಹುದು.

ಕಾಗದದ ಪೊಟ್ಟಣದಲ್ಲಿ ತಂದ ಬ್ರೇಡೆಲೆ ಒಂದು ಸಲ ಬಸ್ಸಿನಲ್ಲೇ ಪುಡಿಯಾಯಿತು. ಆಮೇಲಿಂದ ಮನೆಯ ಸ್ಟೀಲ್ ಡಬ್ಬಿ ಒಯ್ಯುತ್ತೇನೆ. ಕಳೆದ ಸಲ ಅಜ್ಜಿ ಅದನ್ನು ಕೈಗೆತ್ತಿಕೊಂಡು ಮುಚ್ಚಳ ಬಿಗಿಯಾಗಿ ಕೂರುವುದನ್ನು ಎರಡು ಸಲ ಹಾಕಿ ತೆಗೆದು ನೋಡಿದರು. ಎಲ್ಲಿಯದು ಇದು ಅಂದರು. ಮೈಸೂರಿನದು ಅಂದೆ. ತಳಕ್ಕೆ ಕಾಗದ ಹಾಸಿ, ಪಾದ ಕೆಳಗೆ ಬರುವ ಹಾಗೆ ಒಂದೊಂದೇ ಜೋಡಿಸಿಕೊಟ್ಟರು.