ಹಳೆಯ ಕೀಬೋರ್ಡನ್ನೇ ಮಾಸ್ಟರ್ ಮಾಡಿದೆ, ಟಿಕ್ ಸದ್ದು ನಿಂತಿತು

ಕಳೆದ ವಾರ 50 ನಿಮಿಷದ ಒಂದು ಟೇಕ್ ಮಾಡಿದೆವು. ಡ್ರಮ್ಸ್‌ಗೆ ಎಂಟು ಮೈಕ್, ಜೊತೆಗೆ ಕೀಬೋರ್ಡ್, ಹಿಂದೆ ರಿವರ್ಬ್ (ಸದ್ದಿಗೆ ಅನುರಣನ ಕೂಡಿಸುವ ಸಾಧನ). ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಕೇಳಿದೆ. ಒಂದೇ ಒಂದು ಟಿಕ್ ಇಲ್ಲ. "ಮಾಸ್ಟರ್ ಕ್ಲಾಕ್ ಪೆಟ್ಟಿಗೆ ಕೊಳ್ಳದೆ ಇದು ಆಗಲ್ಲ" ಅಂದಿದ್ದ ಗೆಳೆಯರಿಗೆ ಆ ಫೈಲನ್ನೇ ಕಳಿಸಿದೆ. ಡಿಜಿಟಲ್ ಸಾಧನಗಳು ಸದ್ದನ್ನು ಸೆಕೆಂಡಿಗೆ ಸಾವಿರಾರು ತುಣುಕಾಗಿ (ಸ್ಯಾಂಪಲ್) ಅಳೆಯುತ್ತವೆ. ಅದಕ್ಕೆ ತಾಳ ಹಾಕುವುದೇ ಕ್ಲಾಕ್. ಎಲ್ಲವೂ ಒಬ್ಬರ ತಾಳ ಹಿಡಿಯಬೇಕು, ಆ ಒಬ್ಬರೇ ಮಾಸ್ಟರ್. ಎಂಟು ತಿಂಗಳು ಒದ್ದಾಡಿದ್ದೇನೆ, ಅಷ್ಟು ಹೆಮ್ಮೆ ನನಗಿರಲಿ.

ನನ್ನ ಹತ್ತಿರ ಇರುವುದು ನಾಲ್ಕು ಸಾಧನ. ಯುಎಸ್‌ಬಿ ಇಂಟರ್‌ಫೇಸ್, ಅಂದರೆ ಸದ್ದನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ; ಎಡ್ಯಾಟ್ ಔಟ್ (ಒಂದೇ ಕೇಬಲಿನಲ್ಲಿ ಎಂಟು ಚಾನೆಲ್ ಡಿಜಿಟಲ್ ಸದ್ದು ಕಳಿಸುವ ಜಾಗ) ಇರುವ ಎಂಟು ಚಾನೆಲ್ ಪ್ರೀಆಂಪ್, ಅಂದರೆ ಮೈಕಿನ ಸಣ್ಣ ಸಿಗ್ನಲ್ ಏರಿಸುವ ಸಾಧನ; ಒಂದು ಡಿಜಿಟಲ್ ರಿವರ್ಬ್, ಮತ್ತೆ ಒಂದು ಹಳೆಯ ಕೀಬೋರ್ಡ್. ಕೀಬೋರ್ಡಿನದೇ ತಕರಾರು. ಅದರ ಎಸ್‌ಪಿಡಿಫ್ ಔಟ್ (ಎರಡು ಚಾನೆಲ್ ಡಿಜಿಟಲ್ ಸದ್ದು) 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್‌ನಲ್ಲಿ ಮಾತ್ರ ಬರುತ್ತದೆ. ಹೊರಗಿನ ಕ್ಲಾಕ್ ತೆಗೆದುಕೊಳ್ಳಲು ಅದರಲ್ಲಿ ಜಾಗವೇ ಇಲ್ಲ.

ಮೊದಲು ಎಲ್ಲರಂತೆ ಇಂಟರ್‌ಫೇಸನ್ನೇ ಮಾಸ್ಟರ್ ಮಾಡಿದೆ. ದುಬಾರಿ ಸಾಧನ ಅದೇ ಅಲ್ವಾ, ಕ್ಲಾಕ್ ಅದರದ್ದೇ ಚೆನ್ನಾಗಿರುತ್ತದೆ ಅಂದುಕೊಂಡೆ. ಕೀಬೋರ್ಡ್ ನುಡಿಸಿದರೆ ನಾಲ್ಕೈದು ಸೆಕೆಂಡಿಗೊಮ್ಮೆ ಟಿಕ್. ಕೇಬಲ್ ಕೆಟ್ಟಿದೆ ಅಂತ ಒಂದಾದ ಮೇಲೆ ಒಂದರಂತೆ ಮೂರು ಕೇಬಲ್ ಕೊಂಡೆ. ಕಂಪ್ಯೂಟರ್ ಸದ್ದನ್ನು ಕೂಡಿಡುವ ಬಫರನ್ನು 128 ಸ್ಯಾಂಪಲ್‌ನಿಂದ 1024ಕ್ಕೆ ಏರಿಸಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಟಿಕ್ ಹೋಗಲಿಲ್ಲ. ಆಮೇಲೆ ಗಡಿಯಾರ ಹಿಡಿದು ಎಣಿಸಿದೆ. ಟಿಕ್ ಬರುವ ಅಂತರ ಹೆಚ್ಚುಕಡಿಮೆ ಒಂದೇ ಇತ್ತು. ಕೇಬಲ್ ಕೆಟ್ಟಿದ್ದರೆ ಇಷ್ಟು ಲೆಕ್ಕವಾಗಿ ಬರುವುದಿಲ್ಲ. ಎರಡು ಸಾಧನಗಳ ಕ್ಲಾಕ್ ಕ್ರಿಸ್ಟಲ್‌ಗಳ ನಡುವೆ ಹತ್ತು ಲಕ್ಷಕ್ಕೆ 5ರಷ್ಟು ವ್ಯತ್ಯಾಸ ಇದ್ದರೂ ಸಾಕು, 44.1ರಲ್ಲಿ ನಾಲ್ಕೂವರೆ ಸೆಕೆಂಡಿಗೆ ಒಂದು ಸ್ಯಾಂಪಲ್ ಜಾರುತ್ತದೆ. ನನ್ನ ಟಿಕ್ ಅದೇ.

ನಡುವೆ ಇನ್ನೊಂದು ದಾರಿಗೂ ದುಡ್ಡು ಹಾಕಿದೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಎರಡನೇ ಯುಎಸ್‌ಬಿ ಇಂಟರ್‌ಫೇಸ್ ತಂದು, ಮ್ಯಾಕ್‌ನಲ್ಲಿ ಎರಡನ್ನೂ ಸೇರಿಸಿ ಆಗ್ರಿಗೇಟ್ ಡಿವೈಸ್ ಮಾಡಿದೆ, ಅಂದರೆ ಕಂಪ್ಯೂಟರಿಗೆ ಎರಡೂ ಒಂದೇ ಸಾಧನದಂತೆ ಕಾಣುತ್ತವೆ. ಡ್ರಿಫ್ಟ್ ಕರೆಕ್ಷನ್ (ಕ್ಲಾಕ್‌ಗಳು ಜಾರುವುದನ್ನು ಸರಿಮಾಡುವ ಆಯ್ಕೆ) ಹಾಕದೆ 40 ನಿಮಿಷ ರೆಕಾರ್ಡ್ ಮಾಡಿದಾಗ ಕೊನೆಯಲ್ಲಿ ಎರಡರ ನಡುವೆ ಹತ್ತು ಹನ್ನೆರಡು ಮಿಲಿಸೆಕೆಂಡ್ ಅಂತರ ಬಿದ್ದಿತ್ತು. ಕರೆಕ್ಷನ್ ಹಾಕಿದರೆ ಸರಿಹೋಗುತ್ತದೆ, ಆದರೆ ಡ್ರಮ್ಸ್ ಮೈಕ್‌ಗಳನ್ನು ಎರಡು ಸಾಧನಕ್ಕೆ ಹಂಚಲು ನನಗೆ ಧೈರ್ಯ ಬರಲಿಲ್ಲ. ಅದನ್ನು ಕೊಂಡ ಬೆಲೆಯ ಮುಕ್ಕಾಲಿಗೆ ಮಾರಿದೆ.

ಕೊನೆಗೆ ಯೋಚನೆಯನ್ನೇ ತಿರುಗಿಸಿದೆ. ಯಾರ ಕ್ಲಾಕ್ ಒಳ್ಳೆಯದು ಅಂತ ಕೇಳುವುದು ಬಿಟ್ಟೆ. ಯಾರು ಬೇರೆಯವರ ಮಾತು ಕೇಳಲಾರರು ಅಂತ ಕೇಳಿದೆ. ಕೀಬೋರ್ಡ್ ಯಾರ ಮಾತೂ ಕೇಳುವುದಿಲ್ಲ. ಹಾಗಾದರೆ ಅದೇ ಮಾಸ್ಟರ್ ಆಗಲಿ, ಉಳಿದವರು ಹಿಂದೆ ಬರಲಿ. ಇದನ್ನು ಗೆಳೆಯರು ಒಪ್ಪಲಿಲ್ಲ. ಇಪ್ಪತ್ತು ವರ್ಷದ ಕೀಬೋರ್ಡಿನ ಕ್ಲಾಕ್ ಹಿಡಿದು ಡ್ರಮ್ಸ್ ರೆಕಾರ್ಡ್ ಮಾಡ್ತೀಯಾ ಅಂದರು. ಮಾಡಿದೆ.

ಜೋಡಣೆ ಹೀಗಿದೆ. ಕೀಬೋರ್ಡಿನ ಎಸ್‌ಪಿಡಿಫ್ ಇಂಟರ್‌ಫೇಸ್‌ಗೆ ಬರುತ್ತದೆ, ಇಂಟರ್‌ಫೇಸಿನ ಕ್ಲಾಕ್ ಸೋರ್ಸ್ ಎಸ್‌ಪಿಡಿಫ್. ಇಂಟರ್‌ಫೇಸಿನ ವರ್ಡ್ ಕ್ಲಾಕ್ ಔಟ್‌ನಿಂದ (ತಾಳವನ್ನು ಮಾತ್ರ ಕಳಿಸುವ ಜಾಗ) ಬಿಎನ್‌ಸಿ ಕೇಬಲ್ ಪ್ರೀಆಂಪ್‌ಗೆ. ಪ್ರೀಆಂಪಿನ ಎಡ್ಯಾಟ್ ಮತ್ತೆ ಇಂಟರ್‌ಫೇಸ್‌ಗೆ. ರಿವರ್ಬ್‌ಗೆ ಇಂಟರ್‌ಫೇಸಿನ ಎಸ್‌ಪಿಡಿಫ್ ಔಟ್ ಹೋಗುತ್ತದೆ, ಅದು ಒಳಬರುವ ಸಿಗ್ನಲ್‌ನ ತಾಳಕ್ಕೇ ಲಾಕ್ ಆಗುತ್ತದೆ. ವಾಪಸ್ ಬರಲು ಡಿಜಿಟಲ್ ಇನ್‌ಪುಟ್ ಉಳಿದಿರಲಿಲ್ಲ. ಹಾಗಾಗಿ ಅನಲಾಗ್‌ನಲ್ಲೇ ಎರಡು ಲೈನ್ ಇನ್‌ಪುಟ್‌ಗೆ ತಂದೆ. ರಿವರ್ಬ್‌ಗೆ ಅಷ್ಟು ಸಾಕು. ಇಡೀ ಸ್ಟುಡಿಯೋ 44.1ರಲ್ಲಿ ಓಡುತ್ತದೆ. 96 ಬೇಕು ಅನ್ನುವವರಿದ್ದಾರೆ. 96ಕ್ಕೆ ಹೋದರೆ ಒಂದು ಎಡ್ಯಾಟ್ ಕೇಬಲಿನಲ್ಲಿ ನಾಲ್ಕೇ ಚಾನೆಲ್ ಬರುತ್ತದೆ. ನನಗೆ ಎಂಟು ಮೈಕ್ ಬೇಕು.

ಇಷ್ಟಾದರೂ ಪ್ರೀಆಂಪಿನ ಲಾಕ್ ದೀಪ ಮಿನುಗುತ್ತಲೇ ಇತ್ತು. ಎರಡು ದಿನ ಹೋಯಿತು. ಕೊನೆಗೆ ಗೊತ್ತಾಯಿತು, ನಾನು ಟಿ (ಕೇಬಲನ್ನು ಕವಲು ಮಾಡುವ ತುಂಡು) ಹಾಕಿ 75 ಓಮ್ ಟರ್ಮಿನೇಟರ್ (ಕೇಬಲಿನ ತುದಿಗೆ ಹಾಕುವ ರೆಸಿಸ್ಟರ್) ಸಿಕ್ಕಿಸಿದ್ದೆ, ಪ್ರೀಆಂಪ್ ಒಳಗೂ 75 ಓಮ್ ಸ್ವಿಚ್ ಆನ್ ಇತ್ತು. ಎರಡೂ ಸೇರಿ 37.5 ಓಮ್ ಆಗಿ ಸಿಗ್ನಲ್ ಕುಸಿದಿತ್ತು. ಟಿ ತೆಗೆದೆ, ದೀಪ ಮಿನುಗುವುದು ನಿಂತಿತು. ಎಸ್‌ಪಿಡಿಫ್‌ನಲ್ಲೂ ಇದೇ ಪಾಠ. ಸುಮ್ನೆ ಸಿಕ್ಕ ಆಡಿಯೋ ಆರ್‌ಸಿಎ ಕೇಬಲ್ ಒಂದೂವರೆ ಮೀಟರ್ ಇದ್ದಾಗ ನಡೆಯಿತು, ನಾಲ್ಕು ಮೀಟರ್ ಆದಾಗ ಸದ್ದು ಕಡಿದು ಕಡಿದು ಬಂತು. 75 ಓಮ್‌ನ ವಿಡಿಯೋ ಕೇಬಲ್ ಹಾಕಿದ ಮೇಲೆ ಆ ಕಡೆ ತಿರುಗಿ ನೋಡಿಲ್ಲ.

ಇನ್ನೊಂದು ಹಾನಿ ಹೇಳಲೇಬೇಕು. ಒಂದು ಸಂಜೆ ಸೆಷನ್ 48ರಲ್ಲಿ ತೆರೆದಿತ್ತು, ಕ್ಲಾಕ್ ಬರುತ್ತಿದ್ದದ್ದು 44.1. ಸಾಫ್ಟ್‌ವೇರ್ ಏನೂ ಹೇಳಲಿಲ್ಲ. ಮರುದಿನ ಸರಿಯಾದ 48ರಲ್ಲಿ ಹಾಕಿದರೆ ಗಾಯಕಿಯ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಮೇಲೇರಿತ್ತು. ಫೈಲಿನ ರೇಟ್ ತಿದ್ದಿ ಉಳಿಸಿಕೊಂಡೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಪರೀಕ್ಷೆಗೆ ನಾನು ಡ್ರಮ್ಸ್ ಬಳಸುವುದಿಲ್ಲ, ಅದರೊಳಗೆ ಟಿಕ್ ಅಡಗಿಬಿಡುತ್ತದೆ. 1 ಕಿಲೋಹರ್ಟ್ಸ್ ಸೈನ್ ಅರ್ಧ ಗಂಟೆ ಓಡಿಸಿ ಕೇಳುತ್ತೇನೆ. ಜೊತೆಗೆ ಇಂಟರ್‌ಫೇಸಿನ ಎಸ್‌ಪಿಡಿಫ್ ಔಟನ್ನು ಅದರದೇ ಇನ್‌ಗೆ ಕೊಟ್ಟು ರೆಕಾರ್ಡ್ ಮಾಡಿ, ತಡವನ್ನು ಸರಿಹೊಂದಿಸಿ, ಫೇಸ್ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಮೂಲದ ಜೊತೆ ಕೂಡಿಸಿದೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಆ ಹೊತ್ತಿಗೆ ಕ್ಲಾಕ್ ಇಂಟರ್ನಲ್‌ಗೆ ಹಾಕಿದ್ದೆ. ಪೂರ್ತಿ ಮೌನ. ಅಂದರೆ ಕೇಬಲಿನಲ್ಲಿ ಒಂದು ಬಿಟ್ ಕೂಡ ಕೆಡುತ್ತಿಲ್ಲ. ಕೀಬೋರ್ಡಿನ ಕ್ಲಾಕ್, ಇಂಟರ್‌ಫೇಸಿನ ಒಳ ಕ್ಲಾಕ್, ಎರಡರಲ್ಲೂ ಒಂದೇ ಗಿಟಾರ್ ಭಾಗ ರೆಕಾರ್ಡ್ ಮಾಡಿ ಮೂವರಿಗೆ ಹೇಳದೆ ಕೇಳಿಸಿದೆ. ಯಾವುದು ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ.

ಹಾಗೇ ಒಂದು ಕ್ಲಿಕ್ಕನ್ನು ವೈ ಕೇಬಲ್‌ನಲ್ಲಿ ಇಂಟರ್‌ಫೇಸಿನ ಇನ್‌ಪುಟ್‌ಗೂ ಪ್ರೀಆಂಪ್‌ಗೂ ಒಟ್ಟಿಗೆ ಕೊಟ್ಟೆ. ಪ್ರೀಆಂಪಿನದು ಸುಮಾರು 35 ಸ್ಯಾಂಪಲ್ ತಡವಾಗಿ ಬಂತು. ಮೈಕನ್ನು 27 ಸೆಂಟಿಮೀಟರ್ ಹಿಂದೆ ಇಟ್ಟಷ್ಟು. ಒಂದೇ ಡ್ರಮ್ಮಿನ ಮೈಕ್‌ಗಳು ಎರಡರಲ್ಲೂ ಇದ್ದರೆ ಇದು ಫೇಸನ್ನು, ಅಂದರೆ ಅಲೆಗಳ ಹೊಂದಾಣಿಕೆಯನ್ನು ಕೆಡಿಸುತ್ತದೆ. ಇದನ್ನು ಪ್ರತಿ ಟೇಕ್‌ನಲ್ಲಿ ತಾನಾಗಿ ಸರಿಹೋಗುವಂತೆ ಮಾಡಿಕೊಂಡಿದ್ದೇನೆ. ಹೇಗೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಖರ್ಚು ಕೇಳುತ್ತೀರಿ. ಮಾಸ್ಟರ್ ಕ್ಲಾಕ್ ಪೆಟ್ಟಿಗೆಯ ಬೆಲೆ ನನ್ನ ಪ್ರೀಆಂಪಿನಷ್ಟೇ ಇತ್ತು. ಅದು ಪೂರ್ತಿ ಉಳಿಯಿತು. ಅದನ್ನು ಕೊಂಡಿದ್ದರೂ ಕೀಬೋರ್ಡಿಗೆ ಅದರಿಂದ ಪ್ರಯೋಜನ ಇರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಬಿಎನ್‌ಸಿ, ಒಂದು ವಿಡಿಯೋ ಕೇಬಲ್. ಎರಡೂ ಸೇರಿ ಒಂದು ಸಾಧಾರಣ ಮೈಕ್ ಸ್ಟ್ಯಾಂಡಿಗಿಂತ ಕಡಿಮೆ. ದಂಡವಾದದ್ದು ಆ ಮೂರು ಕೇಬಲ್ ಮತ್ತು ಎರಡನೇ ಇಂಟರ್‌ಫೇಸಿನ ಕಾಲು ಭಾಗ.

ಒಂದೇ ತೊಂದರೆ ಉಳಿದಿದೆ. ಕೀಬೋರ್ಡ್ ಆಫ್ ಮಾಡಿದರೆ ಎಲ್ಲರ ಲಾಕ್ ತಪ್ಪುತ್ತದೆ. ಹಾಗಾಗಿ ಮೊದಲು ಕೀಬೋರ್ಡ್, ಆಮೇಲೆ ಇಂಟರ್‌ಫೇಸ್, ಆಮೇಲೆ ಪ್ರೀಆಂಪ್, ಕೊನೆಗೆ ಸ್ಪೀಕರ್ ಆನ್ ಮಾಡುತ್ತೇನೆ. ಆಫ್ ಮಾಡುವಾಗ ಸ್ಪೀಕರ್ ಮೊದಲು. ಕೀಬೋರ್ಡಿನ ಪವರ್ ಬಟನ್ ಮೇಲೆ ಒಂದು ಕೆಂಪು ಟೇಪ್ ಅಂಟಿಸಿದ್ದೇನೆ.