ಕಾದಂಬರಿ ನಡುದಾರಿಯಲ್ಲಿ ಕೈಕೊಟ್ಟರೆ

ನನ್ನ ಬ್ಯಾಗಿನಲ್ಲಿ ಪುಸ್ತಕದ ಜೊತೆ ಒಂದು ಮೋಟು ಪೆನ್ಸಿಲ್ ಇದ್ದೇ ಇರುತ್ತದೆ. ಚೆನ್ನಾಗಿ ಓಡುತ್ತಿದ್ದ ಕಾದಂಬರಿ ಸಪ್ಪೆಯಾಯಿತು ಅನ್ನಿಸಿದ ಕಡೆ ಅಂಚಿನಲ್ಲಿ ಒಂದು ಚುಕ್ಕಿ ಇಡುತ್ತೇನೆ. ಲೈಬ್ರರಿ ಪುಸ್ತಕವಾದರೆ ಬಸ್ ಟಿಕೆಟ್ ಸಿಕ್ಕಿಸುತ್ತೇನೆ. ನೀವೂ ಮೊದಲು ಇಷ್ಟು ಮಾಡಿ. ಬೈಯುವುದು ಆಮೇಲೆ.

ಮಾರನೇ ದಿನ ಬೆಳಿಗ್ಗೆ ಚುಕ್ಕಿಗಿಂತ ಹತ್ತು ಪುಟ ಹಿಂದಿನಿಂದ ಓದಿ. ರಾತ್ರಿ ಹನ್ನೊಂದಕ್ಕೆ ತೂಕಡಿಸುತ್ತಾ ಓದಿ 'ಬೋರು' ಅಂದ ಎಷ್ಟೋ ಪುಸ್ತಕಗಳಲ್ಲಿ ತಪ್ಪು ನನ್ನದೇ. ಆಗಲೂ ಸಪ್ಪೆಯೇ? ಹಾಗಾದರೆ ಕೇಳಿಕೊಳ್ಳಿ: ಇಲ್ಲಿಯವರೆಗೆ ಕಥೆ ಎಳೆಯುತ್ತಿದ್ದವರು ಯಾರು, ಈಗ ಎಳೆಯುತ್ತಿರುವವರು ಯಾರು?

ಇದನ್ನು ಕಲಿತದ್ದು ಅಮೆರಿಕದ ಲೇಖಕ ಮಾರ್ಕ್ ಟ್ವೇನ್‌ನ 'ಹಕಲ್‌ಬೆರಿ ಫಿನ್' ಕಾದಂಬರಿಯಿಂದ. ಹಕ್ ಎಂಬ ಹುಡುಗ ಮತ್ತು ಗುಲಾಮಗಿರಿಯಿಂದ ಓಡಿಬಂದ ಜಿಮ್ ಮಿಸಿಸಿಪಿ ನದಿಯ ತೆಪ್ಪದ ಮೇಲಿದ್ದಷ್ಟು ದಿನ ನಾನು ಊಟಕ್ಕೂ ಪುಸ್ತಕ ಕೆಳಗಿಟ್ಟಿರಲಿಲ್ಲ. 31ನೇ ಅಧ್ಯಾಯದಲ್ಲಿ ಜಿಮ್‌ನನ್ನು 40 ಡಾಲರಿಗೆ ಮಾರಿಬಿಡುತ್ತಾರೆ. ನರಕಕ್ಕೆ ಹೋದರೂ ಸರಿ, ಅವನನ್ನು ಬಿಡಿಸುತ್ತೇನೆ ಅಂತ ಹಕ್, ಜಿಮ್‌ನ ಒಡತಿಗೆ ಸುಳಿವು ಕೊಡಲು ತಾನೇ ಬರೆದ ಪತ್ರ ಹರಿದುಹಾಕುತ್ತಾನೆ. ಮೈ ಜುಮ್ಮೆಂದಿತ್ತು.

ಆಮೇಲೆ ಹಕ್‌ನ ಗೆಳೆಯ ಟಾಮ್ ಸಾಯರ್ ಬರುತ್ತಾನೆ. ಕೂಡಿಹಾಕಿದ ಜಿಮ್‌ನನ್ನು ಮಂಚದ ಕಾಲಿಗೆ ಸರಪಳಿಯಲ್ಲಿ ಬಿಗಿದಿದ್ದಾರೆ, ಕಾಲು ಎತ್ತಿದರೆ ಸರಪಳಿ ಕಳಚಿಬರುತ್ತದೆ. ಟಾಮ್‌ಗೆ ಅದು ಬೇಡ. ಮಂಚದ ಕಾಲು ಗರಗಸದಲ್ಲಿ ಕೊಯ್ಯಬೇಕಂತೆ, ಕೋಣೆಗೆ ಹಾವು, ಇಲಿ, ಜೇಡ ತಂದುಬಿಡಬೇಕಂತೆ! ಕಥೆ ಎಳೆಯುವ ಹಗ್ಗ ಟಾಮ್‌ನ ಕೈಗೆ ಹೋಯಿತು, ಹಕ್ ಸುಮ್ನೆ ಹಿಂದೆ ನಡೆದ. ಅಮೆರಿಕದ ಇನ್ನೊಬ್ಬ ಕಾದಂಬರಿಕಾರ ಹೆಮಿಂಗ್ವೇ 1935ರಲ್ಲೇ, ಜಿಮ್ ಕೈತಪ್ಪಿದ ಕಡೆ ಓದು ನಿಲ್ಲಿಸಿ ಎಂದಿದ್ದ. ಟ್ವೇನ್ ಇದನ್ನು ಶುರುಮಾಡಿದ್ದು 1876ರಲ್ಲಿ. ನಡುವೆ ವರ್ಷಗಟ್ಟಲೆ ಮೂಲೆಗಿಟ್ಟು 1883ರಲ್ಲಿ ಮುಗಿಸಿದ. ಎಳೆ ತಪ್ಪದೆ ಇರುತ್ತದೆಯೇ, ಅಲ್ವಾ?

ಆದರೂ ನಾನು ಹೆಮಿಂಗ್ವೇ ಮಾತು ಕೇಳಲಿಲ್ಲ. ಹಾರಿಸಿದೆ. ಹಾರಿಸುವುದಕ್ಕೂ ಒಂದು ಕ್ರಮವಿದೆ. ಪ್ರತಿ ಅಧ್ಯಾಯದ ಮೊದಲ ಪುಟ, ಕೊನೆಯ ಪುಟ ಓದಿ. ಹಗ್ಗ ಮತ್ತೆ ಹಳೆಯ ಕೈಗೆ ಬಂದ ತಕ್ಷಣ ನಿಧಾನ ಮಾಡಿ. ನನಗೆ ಅದು 40ನೇ ಅಧ್ಯಾಯದಲ್ಲಿ ಸಿಕ್ಕಿತು. ಟಾಮ್‌ನ ಕಾಲಿಗೆ ಗುಂಡು ಬಿದ್ದಿದೆ. ಬಿಡುಗಡೆ ಕಣ್ಣೆದುರಿಗಿದ್ದರೂ ಜಿಮ್, ಡಾಕ್ಟರ್ ಬರದೆ ಇಲ್ಲಿಂದ ಕದಲುವುದಿಲ್ಲ ಅನ್ನುತ್ತಾನೆ.

ಕೊನೆಯ ಅಧ್ಯಾಯಕ್ಕೆ ಬಂದರೂ ಅಂಥದ್ದು ಸಿಗದಿದ್ದರೆ ಪುಸ್ತಕ ಮುಚ್ಚಿ, ಓದುವ ನೆಂಟರಿಗೆ ಕೊಟ್ಟುಬಿಡಿ. ದುಡ್ಡು ಕೊಟ್ಟಿದ್ದೀನಲ್ಲ ಅಂತ ಒದ್ದಾಡಬೇಡಿ.

ನನ್ನ ಪ್ರತಿಯಲ್ಲಿ ಎರಡು ಚುಕ್ಕಿಗಳಿವೆ. ಅವುಗಳ ನಡುವಿನ ಹಾಳೆಗಳು ಈಗಲೂ ಅಂಗಡಿಯಿಂದ ತಂದ ಹಾಗೇ ಇವೆ.