ವೋಲ್ಟೇಜ್ ಇಳಿದರೆ ಬಕೆಟ್ ನೀರು ಯಾಕೆ ಬೇಗ ಕಾಯುವುದಿಲ್ಲ? ನೀವೇ ಲೆಕ್ಕ ಹಾಕಿ

ನೀರು ಕಾಯಿಸುವ ರಾಡಿನ ಮೇಲೆ 1500 ವ್ಯಾಟ್, 230 ವೋಲ್ಟ್ ಎಂದು ಬರೆದಿರುತ್ತದೆ. ಮನೆಯ ವೋಲ್ಟೇಜ್ ಸದಾ 230 ಇರುವುದಿಲ್ಲ. ಹಾಗಾದರೆ ರಾಡ್ ನಿಜಕ್ಕೂ ಎಷ್ಟು ವ್ಯಾಟ್ ಕೊಡುತ್ತಿದೆ? ಗುಣಾಕಾರ, ಭಾಗಾಕಾರ ಬಂದರೆ ಸಾಕು, ಉತ್ತರ ಸಿಗುತ್ತದೆ.

ಬೇಕಾದ ಸೂತ್ರಗಳು ಎರಡೇ:

ರೋಧ (ಓಮ್) = ವೋಲ್ಟೇಜ್ ÷ ಕರೆಂಟ್
ಪವರ್ (ವ್ಯಾಟ್) = ವೋಲ್ಟೇಜ್ × ಕರೆಂಟ್

ಮೊದಲನೆಯದು ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಿಂದ ಬಂದದ್ದು. ಇಲ್ಲಿ ಕರೆಂಟ್ ಎಂದರೆ ತಂತಿಯಲ್ಲಿ ಹರಿಯುವ ಆಂಪಿಯರ್ ಲೆಕ್ಕ. ರೋಧ ಎಂದರೆ ಆ ಹರಿವಿಗೆ ತಂತಿ ಒಡ್ಡುವ ತಡೆ.

ಮೊದಲು ಅಳತೆ

ಸುಲಭದ ದಾರಿ ಎಂದರೆ ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಪವರ್ ಮೀಟರ್. ವೋಲ್ಟೇಜ್, ಕರೆಂಟ್ ಎರಡನ್ನೂ ಅದೇ ತೋರಿಸುತ್ತದೆ. 16 ಆಂಪಿಯರ್‌ನದ್ದೇ ತೆಗೆದುಕೊಳ್ಳಿ. ಎಲೆಕ್ಟ್ರಿಷಿಯನ್ ಬಳಿ ಕ್ಲ್ಯಾಂಪ್ ಮೀಟರ್ ಇದ್ದರೆ ಬೋರ್ಡಿನಲ್ಲಿ ಫೇಸ್ ತಂತಿಯೊಂದನ್ನೇ ಹಿಡಿದು ನೋಡಲು ಹೇಳಿ. ಇಡೀ ಕೇಬಲ್ ಹಿಡಿದರೆ ಮೀಟರ್ ಸೊನ್ನೆ ತೋರಿಸುತ್ತದೆ. ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಕಳೆದುಬಿಡುತ್ತವೆ.

ಮಲ್ಟಿಮೀಟರನ್ನು ಆಂಪಿಯರ್‌ಗೆ ತಿರುಗಿಸಿ ಅದರ ಕಡ್ಡಿಗಳನ್ನು ಸಾಕೆಟ್ಟಿಗೆ ಹಾಕುವ ಕೆಲಸ ಮಾತ್ರ ಯಾವತ್ತೂ ಬೇಡ. ಅದು ನೇರ ಶಾರ್ಟ್ ಸರ್ಕ್ಯೂಟ್. ಮೀಟರ್ ಸಿಡಿಯಬಹುದು, ಕೈ ಸುಡಬಹುದು. ರಾಡ್ ಆನ್ ಇರುವಾಗ ನೀರಿಗೆ ಕೈ ಹಾಕುವುದೂ ಬೇಡ. ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ.

ಈಗ ಲೆಕ್ಕ

ಮೀಟರ್ 220 ವೋಲ್ಟ್, 6.2 ಆಂಪಿಯರ್ ತೋರಿಸಿತು ಎಂದುಕೊಳ್ಳಿ.

ರೋಧ: 220 ÷ 6.2 = ಸುಮಾರು 35.5 ಓಮ್.
ಪವರ್: 220 × 6.2 = 1364 ವ್ಯಾಟ್.

ಬರೆದಿದ್ದು 1500, ಸಿಕ್ಕಿದ್ದು 1364. ರಾಡ್ ಕೆಟ್ಟಿಲ್ಲ. 230 ವೋಲ್ಟ್ ಸಿಕ್ಕಿದ್ದರೆ ಅದೇ 35.5 ಓಮ್‌ಗೆ 1490 ವ್ಯಾಟ್ ಬರುತ್ತಿತ್ತು.

ನೆನಪಿಡಬೇಕಾದದ್ದು ಈ 35.5 ಓಮ್. ವೋಲ್ಟೇಜ್ ಬದಲಾಗುತ್ತದೆ, ಅದರ ಜೊತೆ ಕರೆಂಟೂ ಬದಲಾಗುತ್ತದೆ. ರಾಡಿನ ಒಳಗಿನ ತಂತಿಯ ರೋಧ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಒಮ್ಮೆ ರೋಧ ಗೊತ್ತಾದರೆ, ಮುಂದೆ ವೋಲ್ಟೇಜ್ ಒಂದನ್ನೇ ನೋಡಿ ಉಳಿದದ್ದನ್ನು ಹೇಳಬಹುದು.

ಸಂಜೆ ವೋಲ್ಟೇಜ್ 180ಕ್ಕೆ ಇಳಿಯಿತು ಅನ್ನಿ. ಕರೆಂಟ್ 180 ÷ 35.5, ಅಂದರೆ 5.07 ಆಂಪಿಯರ್. ಪವರ್ 180 × 5.07, ಸುಮಾರು 913 ವ್ಯಾಟ್. ವೋಲ್ಟೇಜ್ ಇಳಿದದ್ದು ಶೇ 18, ಆದರೆ ಪವರ್ ಇಳಿದದ್ದು ಶೇ 33! ವೋಲ್ಟೇಜಿನ ಜೊತೆ ಕರೆಂಟೂ ತಗ್ಗುವುದರಿಂದ ಪೆಟ್ಟು ಎರಡು ಸಲ ಬೀಳುತ್ತದೆ.

15 ಲೀಟರ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ತರಲು ಸುಮಾರು 12.56 ಲಕ್ಷ ಜೂಲ್ ಶಾಖ ಬೇಕು. ಒಂದು ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್. 1364 ವ್ಯಾಟ್‌ಗೆ ಇದು 15 ನಿಮಿಷದ ಕೆಲಸ, 913 ವ್ಯಾಟ್‌ಗೆ 23 ನಿಮಿಷ. ಬಿಲ್ ಜಾಸ್ತಿ ಬರುತ್ತದಾ? ಹೆಚ್ಚೇನೂ ಇಲ್ಲ. ಎರಡೂ ಸಲ ಖರ್ಚಾಗುವುದು ಸುಮಾರು 0.35 ಯೂನಿಟ್. ನಿಧಾನಕ್ಕೆ ಕಾಯುವಾಗ ಬಕೆಟ್ಟಿನಿಂದ ಗಾಳಿಗೆ ಹೋಗುವ ಶಾಖವಷ್ಟೇ ಹೆಚ್ಚುವರಿ.

ಎಲ್ಲದಕ್ಕೂ ಈ ಲೆಕ್ಕ ನಡೆಯುವುದಿಲ್ಲ

ರಾಡ್, ಗೀಸರ್, ಇಸ್ತ್ರಿ ಪೆಟ್ಟಿಗೆಗೆ ಇದು ಸರಿ. ಹಳೆಯ ಕಾಲದ ತಂತಿ ಬಲ್ಬ್ ಬಿಸಿಯಾದಾಗ ಅದರ ರೋಧ ಹಲವು ಪಟ್ಟು ಏರುತ್ತದೆ. ಫ್ಯಾನ್, ಪಂಪ್‌ಸೆಟ್ ಮೋಟಾರ್‌ಗಳಲ್ಲಿ ಪವರ್ ಫ್ಯಾಕ್ಟರ್ (ವೋಲ್ಟೇಜ್ × ಕರೆಂಟ್‌ನಲ್ಲಿ ನಿಜವಾಗಿ ಪವರ್ ಆಗುವ ಪಾಲು) ಎಂಬುದನ್ನೂ ಗುಣಿಸಬೇಕು. ವೋಲ್ಟೇಜ್ ಇಳಿದರೆ ಪಂಪಿನ ಮೋಟಾರ್ ರಾಡಿನಂತೆ ಕಡಿಮೆ ಕರೆಂಟ್ ಎಳೆಯುವುದಿಲ್ಲ, ಸಾಮಾನ್ಯವಾಗಿ ಹೆಚ್ಚು ಎಳೆಯುತ್ತದೆ. ಕಾಯಿಲ್ ಸುಡುವುದು ಅದಕ್ಕೇ.

ಪ್ಲಗ್ ಬಿಸಿಯಾಗುತ್ತಿದೆಯಾ?

1500ನ್ನು 230ರಿಂದ ಭಾಗಿಸಿದರೆ 6.5 ಆಂಪಿಯರ್. 6 ಆಂಪಿಯರ್‌ನ ಚಿಕ್ಕ ಸಾಕೆಟ್ ಇದಕ್ಕೆ ಸಾಲದು, 16 ಆಂಪಿಯರ್‌ನ ಪವರ್ ಪ್ಲಗ್ಗೇ ಬೇಕು. ಸಾಕೆಟ್ ಸಡಿಲವಾಗಿದ್ದರೆ ಇನ್ನೂ ಕಷ್ಟ. ಆ ಸಡಿಲ ಜಾಗದಲ್ಲಿ ಬರೀ ಅರ್ಧ ಓಮ್ ರೋಧವಿದೆ ಎನ್ನಿ. ಅಲ್ಲಿನ ವೋಲ್ಟೇಜ್ ಎಂದರೆ ಕರೆಂಟ್ × ರೋಧ, ಹಾಗಾಗಿ ಪವರ್‌ಗೆ ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಮತ್ತೆ ರೋಧದಿಂದ ಗುಣಿಸಿ: 6.5 × 6.5 × 0.5, ಸುಮಾರು 21 ವ್ಯಾಟ್. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದ್ದು. ಹೆಚ್ಚುಕಡಿಮೆ ಅಷ್ಟೇ ಶಾಖ ನಿಮ್ಮ ಪ್ಲಗ್ಗಿನೊಳಗೆ! ರಾಡ್ ಆಫ್ ಮಾಡಿ ಕಿತ್ತ ಪ್ಲಗ್ಗಿನ ಪಿನ್ನು ಕಂದಾಗಿದ್ದರೆ, ಅದರ ಪ್ಲಾಸ್ಟಿಕ್ ಮೆತ್ತಗಾಗಿದ್ದರೆ, ಮತ್ತೆ ಅಲ್ಲಿಗೆ ಸಿಕ್ಕಿಸಬೇಡಿ. ಪ್ಲಗ್, ಸಾಕೆಟ್ ಎರಡನ್ನೂ ಬದಲಾಯಿಸಿ.